ಹನ್ನೊಂದು ಹನಿ

ನಮ್ಮ ಮಾವನವರಿಗೆ ಮರೆವು ಬಂದಿದೆ ಎಂದು ಹಿಂದೂಪುರದ ನಮ್ಮ ಬೀದಿಯವರು ಸುಮಾರು ಒಂದು ತಿಂಗಳು ನಂಬಿದ್ದರು. ನನ್ನ ಗಂಡ ನಂಬಿದ್ದರು. ಕೊನೆಕೊನೆಗೆ ಮಾವನವರೇ ನಂಬತೊಡಗಿದ್ದರು. ಅದು ನಿಜವಲ್ಲ ಎಂದು ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳು. ಆ ಮಾತು ಹುಟ್ಟಿದ್ದೂ ನನ್ನ ಬಾಯಿಂದಲೇ.

ನಾನು ಕಲ್ಯಾಣದುರ್ಗದ ಒಂದು ಜೂನಿಯರ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಸೋಮವಾರ ಮೊದಲ ಬಸ್ಸಿಗೆ ಹಿಂದೂಪುರ ಬಿಟ್ಟರೆ ಮನೆಗೆ ಮರಳುವುದು ಶನಿವಾರ ಮಧ್ಯಾಹ್ನದ ಮೇಲೆ. ನಡುವಿನ ದಿನಗಳಲ್ಲಿ ಅಲ್ಲೇ ನಮ್ಮ ಕಾಲೇಜಿನ ಕೆಮಿಸ್ಟ್ರಿ ಮೇಡಂ ಜೊತೆ ಒಂದು ಬಾಡಿಗೆ ಕೋಣೆಯಲ್ಲಿರುತ್ತೇನೆ. ನನ್ನ ಗಂಡನಿಗೆ ಪೆನುಕೊಂಡದ ಹತ್ತಿರದ ಕಾರು ಕಾರ್ಖಾನೆಯಲ್ಲಿ ಪಾಳಿ ಕೆಲಸ. ಹಾಗಾಗಿ ವಾರದ ಹೆಚ್ಚಿನ ಹೊತ್ತು ಹಿಂದೂಪುರದ ಮನೆಯಲ್ಲಿ ಇರುವವರು ಮಾವನವರೊಬ್ಬರೇ. ಅತ್ತೆ ತೀರಿಕೊಂಡು ಬಹಳ ವರ್ಷವಾಯಿತು. ಮಾವನವರು ರೇಷ್ಮೆ ನೂಲಿಗೆ ಬಣ್ಣ ಹಾಕುತ್ತಿದ್ದವರು. ಮಂಡಿನೋವು ಬಂದ ಮೇಲೆ ಕೆಲಸ ಬಿಟ್ಟರು. ಆದರೆ ಅವರ ಉಗುರಿನ ಬುಡದಲ್ಲಿ ಇವತ್ತಿಗೂ ಒಂದು ತೆಳು ಕೆನ್ನೀಲಿ ಗೆರೆ ಉಳಿದಿದೆ.

ಎಂ.ಎಸ್ಸಿ. ಓದುವಾಗ ಒಂದೇ ಒಂದು ಸಲ ನಮ್ಮನ್ನು ಸಮುದ್ರಕ್ಕೆ ಕರೆದುಕೊಂಡು ಹೋಗಿದ್ದರು. ತಳಕ್ಕೆ ಗಾಜು ಹಾಕಿದ ದೋಣಿಯಲ್ಲಿ ಕೂರಿಸಿ ಹವಳದ ದಿಬ್ಬ ತೋರಿಸಿದ್ದರು. ಹತ್ತು ನಿಮಿಷ ಇರಬಹುದು. ಆ ಹತ್ತು ನಿಮಿಷ ನನ್ನ ತಲೆಯಿಂದ ಹೋಗಲೇ ಇಲ್ಲ. ನಲವತ್ತು ದಾಟಿದ ಮೇಲೆ ನಡುಮನೆಯ ಕಿಟಕಿಯ ಪಕ್ಕ ಒಂದು ಗಾಜಿನ ತೊಟ್ಟಿ ಇಡಿಸಿ, ಸಮುದ್ರದ ಉಪ್ಪು ಕಲಸಿ, ಕಿತ್ತಳೆ ಪಟ್ಟೆಯ ಎರಡು ಮೀನು ಬಿಟ್ಟೆ. ಎರಡು ವರ್ಷ ಮೀನುಗಳು ಚೆನ್ನಾಗಿದ್ದವು. ಅಷ್ಟಕ್ಕೆ ನಿಲ್ಲಿಸಬೇಕಿತ್ತು.

ಗಟ್ಟಿ ಹವಳ ಎಂದರೆ ಕಲ್ಲಿನಂಥ ಮೈ ಕಟ್ಟಿಕೊಳ್ಳುವ ಜೀವಿ. ನಮ್ಮ ದೇಶದಲ್ಲಿ ಅದನ್ನು ಸಮುದ್ರದಿಂದ ಕೀಳುವುದು, ಮಾರುವುದು, ಮನೆಯಲ್ಲಿಟ್ಟುಕೊಳ್ಳುವುದು ಎಲ್ಲವೂ ಅಪರಾಧ. ಹುಲಿಗೆ ಕಾನೂನು ಕೊಟ್ಟಿರುವ ರಕ್ಷಣೆಯೇ ಅದಕ್ಕೂ ಇದೆ. ಇದನ್ನು ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು, ಪರೀಕ್ಷೆಗೆ ಬರುತ್ತದೆ ಎಂದು ಕೆಳಗೆ ಎರಡು ಗೆರೆ ಎಳೆಯುತ್ತೇನೆ. ಅದೇ ಕೈಯಿಂದ ಬೆಂಗಳೂರಿನ ಒಬ್ಬನಿಗೆ ಫೋನು ಮಾಡಿ ಎರಡು ತುಂಡು ತರಿಸಿಕೊಂಡೆ. ಹೊರದೇಶದ ತೊಟ್ಟಿಯಲ್ಲಿ ಬೆಳೆಸಿದ್ದು ಮೇಡಂ, ಏನೂ ಆಗಲ್ಲ ಅಂದ. ಅದು ಸುಳ್ಳಿರಬಹುದು ಎಂದು ಗೊತ್ತಿತ್ತು. ನಿಜವಾಗಿದ್ದರೂ ತಪ್ಪೇ ಎಂದೂ ಗೊತ್ತಿತ್ತು. ಥರ್ಮಾಕೋಲ್ ಡಬ್ಬಿಯನ್ನು ಬಸ್‌ಸ್ಟ್ಯಾಂಡಿನಲ್ಲಿ ಇಳಿಸಿಕೊಳ್ಳುವಾಗ ಕಂಡಕ್ಟರು ಇದರಲ್ಲೇನಿದೆ ಎಂದು ಕೇಳಿದರು. ಔಷಧಿ ಎಂದೆ.

ಒಂದು ತುಂಡು ಹೆಬ್ಬೆರಳಿನಷ್ಟು ಉದ್ದ, ಕವಲೊಡೆದ ಕೊಂಬೆಯ ಹಾಗಿತ್ತು, ತುದಿಯಲ್ಲಿ ನೇರಳೆ. ಇನ್ನೊಂದು ಹಸಿರು ಬಣ್ಣದ ಚಪ್ಪಟೆ ಬಿಲ್ಲೆ. ಇವುಗಳನ್ನು ಉಳಿಸಿಕೊಳ್ಳುವುದು ಎಷ್ಟು ಕಷ್ಟ ಎಂಬುದು ಮೊದಲ ವಾರದಲ್ಲೇ ತಿಳಿಯಿತು. ನೀರಿನ ಬಿಸಿ ಒಂದೆರಡು ಡಿಗ್ರಿ ಏರಬಾರದು, ಅದೂ ಹಿಂದೂಪುರದ ಬಿಸಿಲಿನಲ್ಲಿ. ತಂಪು ಮಾಡಲು ಫ್ಯಾನ್ ಹಾಕಿದರೆ ನೀರು ಆವಿಯಾಗಿ ಉಪ್ಪು ಹೆಚ್ಚುತ್ತದೆ. ಆವಿಯಾದಷ್ಟು ಶುದ್ಧ ನೀರನ್ನು ದಿನವೂ ತುಂಬಬೇಕು. ನಮ್ಮ ಬೋರಿನ ನೀರು ಒಂದು ಲೋಟ ಬಿದ್ದರೂ ಕೆಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ನೀರಿನ ಕ್ಷಾರದ ಅಂಶ ಒಂದೇ ಮಟ್ಟದಲ್ಲಿರಬೇಕು. ಹವಳ ತನ್ನ ಮೈ ಕಟ್ಟಿಕೊಳ್ಳುವುದು ಅದರಿಂದಲೇ. ಕಡಿಮೆಯಾದರೆ ಬೆಳೆಯುವುದಿಲ್ಲ, ದಿಢೀರನೆ ಏರಿದರೆ ಸುಟ್ಟುಹೋಗುತ್ತದೆ.

ವಾರವೆಲ್ಲ ನಾನು ಊರಿನಲ್ಲಿರುವುದಿಲ್ಲವಾದ್ದರಿಂದ ಇದನ್ನೆಲ್ಲ ಮಾವನವರಿಗೆ ಕಲಿಸಿದೆ. ಅಂಜುತ್ತಲೇ ಕಲಿಸಿದೆ. ಅವರು ಓದಿದ್ದು ತೆಲುಗಿನಲ್ಲಿ ಐದನೇ ತರಗತಿ. ಆದರೆ ಕ್ಷಾರ ಅಳೆಯುವ ಕೆಲಸವನ್ನು ಅವರು ಎರಡನೇ ದಿನಕ್ಕೇ ನನಗಿಂತ ಚೆನ್ನಾಗಿ ಮಾಡಿದರು. ಅದರಲ್ಲಿರುವುದು ಇಷ್ಟೇ: ಸಣ್ಣ ಗಾಜಿನ ಸೀಸೆಯಲ್ಲಿ ತೊಟ್ಟಿಯ ನೀರು ತೆಗೆದುಕೊಂಡು, ಒಂದು ದ್ರಾವಣವನ್ನು ಹನಿಹನಿಯಾಗಿ ಬಿಡಬೇಕು. ನೀಲಿಯಾಗಿದ್ದ ನೀರು ಯಾವ ಹನಿಗೆ ಹಳದಿಗೆ ತಿರುಗುತ್ತದೋ ಅದೇ ಲೆಕ್ಕ. ಎಂಟು ಹನಿಗೆ ತಿರುಗಿದರೆ ಸರಿಯಾಗಿದೆ ಎಂದು ಅರ್ಥ. ನಾನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ನೋಡುತ್ತಿದ್ದೆ. ಅವರು ಒಪ್ಪಲಿಲ್ಲ.

“ಆ ಬೆಳಕ್ನಾಗೆ ಬಣ್ಣ ಸುಳ್ಳು ಹೇಳ್ತದೆ ಕಣಮ್ಮ. ಕಿಟ್ಕಿ ತಾವ ಹಿಡೀಬೇಕು” ಅಂದರು.

ಅಂದಿನಿಂದ ದಿನಾ ಬೆಳಿಗ್ಗೆ ಕಾಫಿಯಾದ ಮೇಲೆ ಕಿಟಕಿಯ ಬಳಿ ನಿಂತು, ಒಕಟಿ, ರೆಂಡು, ಮೂಡು ಎಂದು ತೆಲುಗಿನಲ್ಲಿ ಎಣಿಸುತ್ತ ಹನಿ ಬಿಡುತ್ತಿದ್ದರು. ನೋಟ್‌ಪುಸ್ತಕವೊಂದಕ್ಕೆ ದಾರ ಕಟ್ಟಿ ತೊಟ್ಟಿಯ ಪಕ್ಕ ತೂಗುಹಾಕಿ ಅದರಲ್ಲಿ ಬರೆದಿಡುತ್ತಿದ್ದರು. ಹವಳ ಎಂಬುದು ಕಲ್ಲಲ್ಲ, ಪ್ರಾಣಿ ಎಂದು ಕೇಳಿದಾಗಿನಿಂದ ಅವರಿಗೆ ಅದರ ಮೇಲೆ ಮಮತೆ ಹುಟ್ಟಿತ್ತು. ನಾನು ಕಲ್ಯಾಣದುರ್ಗದಿಂದ ಫೋನು ಮಾಡಿದರೆ ಮೊದಲು ಅದರ ಸುದ್ದಿ ಹೇಳಿ ಆಮೇಲೆ ಮನೆಯ ಸುದ್ದಿ ಹೇಳುತ್ತಿದ್ದರು.

ಕೊಂಬೆ ಬೆಳೆಯಿತು. ಆದರೆ ನನಗೆ ಸಾಲಲಿಲ್ಲ. ಮೊಬೈಲಿನಲ್ಲಿ ಯಾರ್ಯಾರದೋ ತೊಟ್ಟಿಗಳಲ್ಲಿ ಹವಳ ಪೊದೆಯಂತೆ ಬೆಳೆದದ್ದನ್ನು ನೋಡಿ ನೋಡಿ ಆಸೆಯಾಯಿತು. ಕ್ಷಾರ ಹೆಚ್ಚಿಸುವ ಪುಡಿ ತರಿಸಿದೆ. ಅದನ್ನು ದಿನಕ್ಕೆ ಒಂದು ಚಿಟಿಕೆಯಂತೆ ಕರಗಿಸಿ ಹಾಕಬೇಕೆಂದು ಡಬ್ಬಿಯ ಮೇಲೇ ಬರೆದಿತ್ತು. ದಿನವೂ ಹಾಕಬೇಕೆಂದರೆ ಮಾವನವರ ಕೈಗೆ ಕೊಡಬೇಕು. ಅಳತೆ ತಪ್ಪಿಸಿಬಿಟ್ಟರೆ? ನಾನು ಕೊಡಲಿಲ್ಲ, ಪುಡಿ ತಂದಿದ್ದೇನೆಂದು ಹೇಳಲೂ ಇಲ್ಲ. ವಾರಕ್ಕೆ ಬೇಕಾದಷ್ಟನ್ನು ಸೋಮವಾರ ಬೆಳಗಾಗುವ ಮುಂಚೆ ಬಸ್ಸಿಗೆ ಹೊರಡುವಾಗ ಒಂದೇ ಸಲಕ್ಕೆ ಸುರಿದು, ಡಬ್ಬಿಯನ್ನು ಬೀರುವಿನಲ್ಲಿಟ್ಟು ಹೋಗುತ್ತಿದ್ದೆ.

ಮೊದಲ ಸೋಮವಾರವೇ, ನಾನು ಸ್ಟಾಫ್‌ರೂಮಿನಲ್ಲಿ ಕೂತಿದ್ದಾಗ ಅವರ ಫೋನು ಬಂತು.

“ಇವತ್ತು ಹನ್ನೊಂದು ಹನಿ ಬೇಕಾಯ್ತು ಕಣಮ್ಮ.”

ಎಣಿಸುವುದು ತಪ್ಪಿರಬೇಕು, ಇನ್ನೊಂದು ಸಲ ಮಾಡಿ ಎಂದೆ. ಅವರು ಫೋನು ಇಟ್ಟು, ಮತ್ತೆ ಮಾಡಿ, ಮತ್ತೆ ಹನ್ನೊಂದೇ ಎಂದರು. ನನಗೆ ಕ್ಲಾಸಿಗೆ ಹೊತ್ತಾಗಿತ್ತು. ಪಕ್ಕದಲ್ಲಿ ಎರಡು ಮೂರು ಜನ ಲೆಕ್ಚರರುಗಳಿದ್ದರು. ಹನಿಯ ಸೀಸೆಯಲ್ಲಿ ಗುಳ್ಳೆ ಸೇರಿಕೊಂಡಿರುತ್ತದೆ ಮಾವ, ನೀವು ಎಂಟು ಅಂತಲೇ ಬರೆದುಕೊಳ್ಳಿ ಎಂದು ನಗುತ್ತ ಹೇಳಿ, ಫೋನು ಇಟ್ಟ ಮೇಲೆ ಆ ಲೆಕ್ಚರರುಗಳೆದುರು, ವಯಸ್ಸಾದವರ ಕೈಗೆ ಕೊಟ್ಟರೆ ಇಷ್ಟೇ ನೋಡಿ ಎಂದೆ. ಪುಡಿಯ ನೆನಪು ನನಗೆ ಆಗಲಿಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಶನಿವಾರ ಸಂಜೆ ಬಂದು ನಾನು ಅಳೆದಾಗ ಎಂಟೇ ಬಂತು. ವಾರವಿಡೀ ಹವಳ ಅದನ್ನು ಹೀರಿಕೊಂಡು ಇಳಿಸಿರುತ್ತದೆ ಎಂದು ಯೋಚಿಸಲಿಲ್ಲ. ಮಾವನವರ ಲೆಕ್ಕ ತಪ್ಪು, ನನ್ನದು ಸರಿ ಎಂಬುದಕ್ಕೆ ಸಾಕ್ಷಿ ಸಿಕ್ಕಿತೆಂದುಕೊಂಡೆ. ಮುಂದಿನ ಸೋಮವಾರಗಳಲ್ಲಿ ಅವರು ಫೋನು ಮಾಡಲಿಲ್ಲ.

ಕಾಲೇಜಿನಲ್ಲಿ ನಾನು ಹವಳದ ಬಗ್ಗೆ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಒಂದು ಭಾನುವಾರ ಪ್ರಿನ್ಸಿಪಾಲರು, ಕೆಮಿಸ್ಟ್ರಿ ಮೇಡಂ, ಇನ್ನಿಬ್ಬರು ಲೆಕ್ಚರರುಗಳನ್ನು ಹಿಂದೂಪುರದ ಮನೆಗೆ ಕರೆದೆ. ಹಿಂದಿನ ದಿನ ಮನೆಗೆ ಬಂದು ತೊಟ್ಟಿಯ ಮುಂದೆ ನಿಂತರೆ ಕೊಂಬೆಯ ಬುಡದಲ್ಲಿ ಚರ್ಮ ಸುಲಿದ ಹಾಗೆ ಬೆಳ್ಳಗಾಗಿತ್ತು. ನೇರಳೆ ತುದಿಗಳು ಸುಟ್ಟಂತಾಗಿದ್ದವು. ಮಾವನವರು ಪಕ್ಕದಲ್ಲೇ ನಿಂತು, ಬುಧವಾರದಿಂದ ಹೀಗಾಗುತ್ತಿದೆ, ಹೇಳಿದರೆ ನೀನು ಅಲ್ಲಿ ಗಾಬರಿಯಾಗುತ್ತೀಯ ಎಂದು ಸುಮ್ಮನಿದ್ದೆ ಎಂದರು. ಭಾನುವಾರ ಬೆಳಿಗ್ಗೆಯ ಹೊತ್ತಿಗೆ ಅದರ ಮೇಲೆ ಜೀವ ಇರಲಿಲ್ಲ. ಸುಣ್ಣದ ಕಡ್ಡಿಯಂತೆ ನಿಂತಿತ್ತು.

ಹನ್ನೊಂದು ಗಂಟೆಗೆ ಎಲ್ಲರೂ ಬಂದರು. ಪ್ರಿನ್ಸಿಪಾಲರು ತೊಟ್ಟಿಯ ಮುಂದೆ ಬಗ್ಗಿ, ಎಲ್ಲಿ ಮೇಡಂ ನಿಮ್ಮ ಹವಳ ಎಂದರು. ತೋರಿಸಿದೆ. ಇದೇನು ಹೀಗಿದೆ ಎಂದು ಕೇಳಿದರು. ಅದೇ ಹೊತ್ತಿಗೆ ಮಾವನವರು ಅಡುಗೆಮನೆಯಿಂದ ಮಂಡಕ್ಕಿ ಉಗ್ಗಾಣಿಯ ತಟ್ಟೆಗಳನ್ನು ಹಿಡಿದು ಬರುತ್ತಿದ್ದರು. ಅಷ್ಟು ಜನಕ್ಕೂ ಅವರೇ ಮಾಡಿದ್ದರು. ಅವರಿಗೆ ಕೇಳಿಸುತ್ತದೆ ಎಂದು ಗೊತ್ತಿದ್ದೂ ಹೇಳಿದೆ.

“ನಮ್ಮ ಮಾವ ಬೋರ್ ನೀರು ಹಾಕ್ಬಿಟ್ಟಿದಾರೆ ಸಾರ್. ವಯಸ್ಸಾಯ್ತಲ್ಲ, ಮರೆತುಬಿಡ್ತಾರೆ.”

ಬೋರ್ ನೀರಿನ ಗುರುತೂ ಇರಲಿಲ್ಲ, ಆಧಾರವೂ ಇರಲಿಲ್ಲ. ಬಾಯಿಗೆ ಬಂದದ್ದು ಅದು. ಓದಿದವಳು ನಾನು, ನನ್ನ ಕೈಯಲ್ಲಿ ಸತ್ತಿತು ಎಂದು ಅಷ್ಟು ಜನರ ಮುಂದೆ ಹೇಳಲು ನಾಲಿಗೆ ಹೊರಳಲಿಲ್ಲ. ಮಾವನವರು ತಟ್ಟೆ ಹಿಡಿದು ಒಂದು ಕ್ಷಣ ನಿಂತರು. ನನ್ನ ಮುಖ ನೋಡಲಿಲ್ಲ.

“ಹಾಕಿರಬೋದು ಸಾರ್” ಎಂದು ಹೇಳಿ, ಎಲ್ಲರಿಗೂ ತಟ್ಟೆ ಕೊಟ್ಟು ಒಳಗೆ ಹೋದರು.

ಪ್ರಿನ್ಸಿಪಾಲರು, ಪಾಪ, ನಮ್ಮ ತಂದೆಗೂ ಹೀಗೇ ಶುರುವಾಯಿತು, ಹುಷಾರಾಗಿ ನೋಡಿಕೊಳ್ಳಿ ಎಂದರು. ನಾನು ತಲೆಯಾಡಿಸಿದೆ. ಮನೆಯಲ್ಲಿದ್ದ ನನ್ನ ಗಂಡನೂ ಆ ಮಾತು ಕೇಳಿಸಿಕೊಂಡರು. ಕೆಮಿಸ್ಟ್ರಿ ಮೇಡಂ ಮಾತ್ರ ದಾರಕ್ಕೆ ಕಟ್ಟಿದ್ದ ನೋಟ್‌ಪುಸ್ತಕವನ್ನು ತಿರುವಿ ಹಾಕುತ್ತಿದ್ದರು.

ಮಾರನೆಯ ದಿನ ಸಂಜೆ ಕಲ್ಯಾಣದುರ್ಗದ ಕೋಣೆಯಲ್ಲಿ ಅನ್ನಕ್ಕಿಟ್ಟು ಕೂತಿದ್ದಾಗ ಅವರು ಕೇಳಿದರು.

“ನಿಮ್ಮ ಮಾವ ಬರೆದಿರೋದ್ರಲ್ಲಿ ಸೋಮವಾರ ಸೋಮವಾರ ಹನ್ನೊಂದು, ಹನ್ನೆರಡು ಇದೆಯಲ್ರಿ. ಸೋಮವಾರ ನೀವೇನು ಮಾಡ್ತೀರ?”

ನನಗೆ ಆ ಕ್ಷಣಕ್ಕೆ ಎಲ್ಲವೂ ಅರ್ಥವಾಯಿತು. ಕುಕ್ಕರ್ ಕೂಗುತ್ತಿತ್ತು. ಎದ್ದು ಹೋಗಿ ಸ್ಟವ್ ಆರಿಸಿ, ಏನೂ ಮಾಡಲ್ಲ ಎಂದೆ. ಅವರು ಮತ್ತೆ ಕೇಳಲಿಲ್ಲ. ನಾನು ಸುಳ್ಳು ಹೇಳುತ್ತಿದ್ದೇನೆಂದು ಅವರಿಗೆ ತಿಳಿದಿತ್ತು ಎನಿಸುತ್ತದೆ. ಆಮೇಲೆ ಬಹಳ ದಿನ ಅವರ ಜೊತೆ ಒಂದೇ ಕೋಣೆಯಲ್ಲಿರುವುದು ಕಷ್ಟವಾಯಿತು.

ಮುಂದಿನ ಶನಿವಾರ ಮನೆಗೆ ಬಂದವಳೇ ನೋಟ್‌ಪುಸ್ತಕ ತೆಗೆದು ನೋಡಿದೆ. ಆ ಭಾನುವಾರದವರೆಗೆ ಒಂದು ದಿನವೂ ಬಿಟ್ಟಿರಲಿಲ್ಲ. ನಾನು ಎಂಟು ಎಂದು ಬರೆದುಕೊಳ್ಳಿ ಎಂದಿದ್ದೆನಲ್ಲ, ಆ ಸೋಮವಾರದ ಮುಂದೆ ಹನ್ನೊಂದು ಎಂದೇ ಬರೆದಿದ್ದರು. ಅದರ ಪಕ್ಕದಲ್ಲಿ ತೆಲುಗು ಅಕ್ಷರದಲ್ಲಿ ಸಣ್ಣದಾಗಿ, ‘ಅಮ್ಮಾಯಿ ಎನಿಮಿದಿ ಅನಿಂದಿ.’ ಹುಡುಗಿ ಎಂಟು ಅಂದಳು. ನನ್ನ ಮಾತನ್ನೂ ಬರೆದಿಟ್ಟಿದ್ದರು, ತಾವು ಕಂಡದ್ದನ್ನೂ ಬಿಟ್ಟಿರಲಿಲ್ಲ. ಪ್ರಯೋಗಾಲಯದ ದಾಖಲೆ ಹೀಗಿರಬೇಕು ಎಂದು ನಾನು ಹದಿನೇಳು ವರ್ಷದಿಂದ ಮಕ್ಕಳಿಗೆ ಹೇಳುತ್ತ ಬಂದಿದ್ದೇನೆ.

ಆಗಲೇ ಹೇಳಿಬಿಡಬಹುದಿತ್ತು. ಅವರು ಹೊರಗೆ ಜಗುಲಿಯ ಮೇಲೆ ಕೂತಿದ್ದರು. ಹತ್ತು ಹೆಜ್ಜೆ. ಹೇಳಲಿಲ್ಲ. ಪುಡಿ ಹಾಕುವುದನ್ನು ನಿಲ್ಲಿಸಿದೆ, ಅಷ್ಟೇ. ಉಳಿದ ಹಸಿರು ಬಿಲ್ಲೆ ಚೇತರಿಸಿಕೊಂಡರೆ ಆಗ ಹೇಳೋಣ ಎಂದುಕೊಂಡೆ. ಅದಕ್ಕೂ ಇದಕ್ಕೂ ಏನು ಸಂಬಂಧವೋ ಗೊತ್ತಿಲ್ಲ.

ಈ ನಡುವೆ ನನ್ನ ಮಾತು ತನ್ನ ಕೆಲಸ ಮಾಡುತ್ತಿತ್ತು. ನನ್ನ ಗಂಡ ಅಪ್ಪನ ಕೈಯಿಂದ ಮೊಪೆಡ್ಡಿನ ಕೀ ಇಸಿದುಕೊಂಡರು. ದಾರಿ ಮರೆತು ಎಲ್ಲಿಗಾದರೂ ಹೋದರೆ ಎಂಬ ಭಯ ಅವರಿಗೆ. ಸ್ಟವ್ ಹಚ್ಚಬೇಡಿ ಎಂದು ಹೇಳಿ, ಮನೆಯಲ್ಲಿ ಬೇರೆ ಯಾರೂ ಇಲ್ಲದ ಹೊತ್ತಿಗೆ ಪಕ್ಕದ ಮನೆಯಿಂದ ಊಟ ಬರುವಂತೆ ಮಾಡಿದರು. ಅಲ್ಲಿಂದ ಬೀದಿಗೆಲ್ಲ ಗೊತ್ತಾಯಿತು. ನಲವತ್ತು ವರ್ಷ ನೂಲಿನ ಕಟ್ಟು ತಂದುಕೊಟ್ಟ ಮಗ್ಗದವರು ದಾರಿಯಲ್ಲಿ ಸಿಕ್ಕಾಗ ಅವರೊಂದಿಗೆ ಮಕ್ಕಳ ಜೊತೆ ಮಾತಾಡುವ ಹಾಗೆ ಗಟ್ಟಿಯಾಗಿ, ನಿಧಾನವಾಗಿ ಮಾತಾಡತೊಡಗಿದರು. ಮಾವನವರು ಯಾವುದಕ್ಕೂ ಎದುರಾಡಲಿಲ್ಲ. ತೊಟ್ಟಿಯ ಹತ್ತಿರ ಬರುವುದನ್ನು ಬಿಟ್ಟರು. ನೋಟ್‌ಪುಸ್ತಕದಲ್ಲಿ ಆ ಭಾನುವಾರದ ನಂತರ ಖಾಲಿ ಹಾಳೆಗಳು. ನಾನು ಶನಿವಾರ ಬರುತ್ತಿದ್ದೆ, ಇದನ್ನೆಲ್ಲ ನೋಡುತ್ತಿದ್ದೆ, ಸೋಮವಾರ ಬಸ್ಸು ಹತ್ತುತ್ತಿದ್ದೆ. ಸೋಮಂದೇಪಲ್ಲಿ ದಾಟುವವರೆಗೆ ಎದೆ ಭಾರವಾಗಿರುತ್ತಿತ್ತು, ಪೆನುಕೊಂಡದಲ್ಲಿ ಬಸ್ಸು ಬದಲಿಸುವಷ್ಟರಲ್ಲಿ ಕ್ಲಾಸಿನ ಯೋಚನೆ ಬಂದು ಹಗುರವಾಗುತ್ತಿತ್ತು. ಹಾಗೆ ಹಗುರವಾಗುತ್ತಿದ್ದುದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ.

ನಾಲ್ಕನೇ ವಾರದ ಭಾನುವಾರ ಬೆಳಿಗ್ಗೆ ನಾನು ಬಟ್ಟೆ ಒಣಹಾಕುತ್ತಿದ್ದಾಗ ಮಾವನವರು ಮಾಳಿಗೆಗೆ ಬಂದರು. ಮಂಡಿನೋವಿನಿಂದ ಅವರು ಮೆಟ್ಟಿಲು ಹತ್ತುವುದೇ ಅಪರೂಪ. ಗೋಡೆ ಹಿಡಿದು ಸ್ವಲ್ಪ ಹೊತ್ತು ಸುಧಾರಿಸಿಕೊಂಡರು.

“ಅನಂತಪುರದಾಗೆ ತಲೆ ಡಾಕ್ಟ್ರು ಅವ್ರಂತಲ್ಲಮ್ಮ, ಒಂದ್ಸಲ ಕರ್ಕೊಂಡೋಗ್ತೀಯ?”

ಯಾಕೆ ಮಾವ ಎಂದೆ.

“ಆವತ್ತು ನೀನು ಹೇಳ್ದಾಗ ನಾನು ಬೋರ್ ನೀರು ಹಾಕಿಲ್ಲ ಅನ್ನೋದು ನಂಗೆ ಗ್ಯಾರಂಟಿ ಇತ್ತು. ಮನೆಗ್ ಬಂದೋರ ಮುಂದೆ ಯಾಕೆ ಮಾತು ಅಂತ ಸುಮ್ಕಾದೆ. ಈಗ ದಿನಾ ಕುಂತ್ಕಂಡು ಯೋಚ್ನೆ ಮಾಡ್ತೀನಿ. ಆ ವಾರ ಯಾವ್ ಬಿಂದಿಗೆ ಎತ್ತಿದೆ ಅನ್ನೋದು ನೆಪ್ಪಿಗೇ ಬತ್ತಿಲ್ಲ. ಹಾಕ್ಬುಟ್ಟಿರಬೋದು ಕಣಮ್ಮ. ಅದೂ ಒಂದು ಜೀವ ಅಲ್ವಾ. ಇನ್ನೇನೇನು ಮರೆತಿದೀನೋ.”

ಕೈಯಲ್ಲಿದ್ದ ಒದ್ದೆ ಟವೆಲ್ಲನ್ನು ಹಿಡಿದುಕೊಂಡೇ ನಿಂತಿದ್ದೆ. ತಮ್ಮ ಮೇಲೆ ಬಿದ್ದ ಸುಳ್ಳನ್ನು ನನ್ನ ಮರ್ಯಾದೆಗೋಸ್ಕರ ಒಪ್ಪಿಕೊಂಡ ಮನುಷ್ಯ, ಈಗ ಅದನ್ನು ನಿಜವೆಂದು ನಂಬಲು ತಮ್ಮನ್ನು ತಾವೇ ಒತ್ತಾಯಿಸುತ್ತಿದ್ದರು. ನಾನು ಅಲ್ಲೇ ಹೇಳಿದೆ. ಪುಡಿ ತಂದದ್ದು, ಬಚ್ಚಿಟ್ಟದ್ದು, ವಾರದ್ದನ್ನೆಲ್ಲ ಒಂದೇ ಸಲ ಸುರಿದದ್ದು, ಅವರ ಹನ್ನೊಂದು ಸರಿಯಾಗಿಯೇ ಇದ್ದದ್ದು, ಅದು ನನಗೆ ಮೂರು ವಾರದ ಹಿಂದೆಯೇ ತಿಳಿದದ್ದು. ಹವಳ ಇಟ್ಟುಕೊಳ್ಳುವುದೇ ಅಪರಾಧ ಎಂಬುದನ್ನೂ ಹೇಳಿದೆ. ಹೇಳುವಾಗ ಅಳು ಬಂತು. ಅಳುವುದರಿಂದ ಅವರು ನನ್ನನ್ನು ಸಮಾಧಾನ ಮಾಡಬೇಕಾಗುತ್ತದಲ್ಲ ಎನಿಸಿ ಇನ್ನೂ ಅವಮಾನವಾಯಿತು.

ಅವರು ಸಮಾಧಾನ ಮಾಡಲಿಲ್ಲ. ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕೂತರು. ಪುಡಿ ಹಾಕುತ್ತೇನೆಂದು ತಮಗೆ ಒಂದು ಮಾತು ಯಾಕೆ ಹೇಳಲಿಲ್ಲ ಎಂದು ಕೇಳಿದರು. ನೀವು ಅಳತೆ ತಪ್ಪಿಸುತ್ತೀರೆಂದುಕೊಂಡೆ ಎಂದೆ.

“ಬಣ್ಣದ ಬಾನಿಗೆ ಪುಡಿ ಒಂದೇ ಸಲ ಸುರಿದ್ರೆ ರೇಷ್ಮೆ ಬೆಂದೋಯ್ತದೆ ಕಣಮ್ಮ. ಇಷ್ಟಿಷ್ಟೇ ಬಿಡ್ಬೇಕು, ತಿರುವ್ತಾ ಇರ್ಬೇಕು. ನಾನು ಜೀವಮಾನ ಎಲ್ಲ ಮಾಡಿದ್ದೇ ಅದು.”

ಸಿಟ್ಟಿನಿಂದ ಹೇಳಲಿಲ್ಲ. ಕೆಲಸ ಕಲಿಯಲು ಬಂದವರಿಗೆ ಹೇಳುವಂತೆ ಹೇಳಿದರು. ಆಮೇಲೆ ಎದ್ದು, ನನ್ನ ಮಗನಿಗೆ ನೀನೇ ಹೇಳು, ಆ ನಿಮ್ಮ ಸಾರ್‌ಗೂ ಹೇಳು ಎಂದರು. ಅಷ್ಟೇ ಅವರು ಕೇಳಿದ್ದು.

ಗಂಡನಿಗೆ ಆವತ್ತೇ ಹೇಳಿದೆ. ಅವರು ನನ್ನ ಮೇಲೆ ಕೂಗಾಡಲಿಲ್ಲ. ನೇರ ಹೋಗಿ ಮೊಪೆಡ್ಡಿನ ಕೀಯನ್ನು ಅಪ್ಪನ ಮುಂದಿಟ್ಟು, ತಲೆ ತಗ್ಗಿಸಿ ನಿಂತರು. ನನ್ನ ಜೊತೆ ಸುಮಾರು ಹತ್ತು ದಿನ ಬೇಕಾದಷ್ಟೇ ಮಾತಾಡಿದರು. ಸೋಮವಾರ ಸ್ಟಾಫ್‌ರೂಮಿನಲ್ಲಿ ಪ್ರಿನ್ಸಿಪಾಲರಿಗೆ, ಉಳಿದವರೂ ಕೇಳುವ ಹಾಗೆ, ಹವಳ ಸತ್ತದ್ದು ನನ್ನಿಂದ, ನಮ್ಮ ಮಾವನವರಿಂದಲ್ಲ ಎಂದೆ. ಅವರು ಅಯ್ಯೋ ಅದಕ್ಕೇನಂತೆ ಎಂದು ಬೇರೆ ಮಾತಿಗೆ ಹೋದರು. ಅವರಿಗೆ ಅದು ಅಷ್ಟು ದೊಡ್ಡ ವಿಷಯವಾಗಿರಲಿಲ್ಲ. ಕೆಮಿಸ್ಟ್ರಿ ಮೇಡಂ ಉತ್ತರಪತ್ರಿಕೆಗಳಿಂದ ತಲೆಯೆತ್ತಿ ನನ್ನನ್ನು ನೋಡಿ ಮತ್ತೆ ತಿದ್ದತೊಡಗಿದರು.

ಹಸಿರು ಬಿಲ್ಲೆಯೂ ಉಳಿಯಲಿಲ್ಲ. ಅಂಚಿನಿಂದ ಬೆಳ್ಳಗಾಗುತ್ತ ಬಂದು ಮೇ ತಿಂಗಳಲ್ಲಿ ಪೂರ್ತಿ ಸತ್ತಿತು. ಸತ್ತ ಎರಡೂ ತುಂಡುಗಳನ್ನು ಅರಣ್ಯ ಇಲಾಖೆಗೆ ಕೊಟ್ಟು ಆದದ್ದನ್ನು ಹೇಳಬೇಕೆಂದು ಕಾಗದದಲ್ಲಿ ಸುತ್ತಿಟ್ಟೆ. ಅವು ಇನ್ನೂ ಬೀರುವಿನಲ್ಲೇ ಇವೆ. ನೌಕರಿಯ ಭಯ. ಆ ಪಾಠ ಬಂದಾಗ ಈಗಲೂ ಬೋರ್ಡಿನ ಮೇಲೆ ಬರೆಯುತ್ತೇನೆ, ಆದರೆ ಮಕ್ಕಳ ಕಡೆ ತಿರುಗದೆ ಬೇಗ ಅಳಿಸಿಬಿಡುತ್ತೇನೆ. ತೊಟ್ಟಿಯಲ್ಲಿ ಎರಡು ಮೀನುಗಳಷ್ಟೇ ಇವೆ.

ಅನಂತಪುರದ ಡಾಕ್ಟರ ಬಳಿಗೂ ಹೋಗಿ ಬಂದೆವು. ಬೇಡವೆಂದರೂ ಮಾವನವರು ಕೇಳಲಿಲ್ಲ. ಡಾಕ್ಟರು ಅರ್ಧ ಗಂಟೆ ಏನೇನೋ ಕೇಳಿ, ಚಿತ್ರ ಬರೆಸಿ, ನಿಮ್ಮ ನೆನಪು ನನ್ನದಕ್ಕಿಂತ ಚೆನ್ನಾಗಿದೆ ಎಂದು ನಕ್ಕರು. ಮಾವನವರೂ ನಕ್ಕರು. ಬಸ್ಸಿನಲ್ಲಿ ಬರುವಾಗ ಕಿಟಕಿಯ ಪಕ್ಕ ಕೂತು ಚೆನ್ನಾಗಿಯೇ ಮಾತಾಡಿಕೊಂಡು ಬಂದರು. ಎಲ್ಲ ಸರಿಹೋಯಿತು ಎಂದುಕೊಂಡೆ.

ಸರಿಹೋಗಿಲ್ಲ. ಮೊಪೆಡ್ ಓಡಿಸುತ್ತಾರೆ, ಸ್ಟವ್ ಹಚ್ಚುತ್ತಾರೆ, ಆದರೆ ಪ್ರತಿಯೊಂದನ್ನೂ ಎರಡೆರಡು ಸಲ ನೋಡುತ್ತಾರೆ. ಮನೆಗೆ ಬೀಗ ಹಾಕಿ ಹೊರಟ ದಿನ ಕಲ್ಯಾಣದುರ್ಗಕ್ಕೆ ಫೋನು ಮಾಡುತ್ತಾರೆ. ಕ್ಲಾಸಿನಲ್ಲಿದ್ದರೂ ನಾನು ಎತ್ತುತ್ತೇನೆ.

“ಬೀಗ ಹಾಕಿದೀನಿ ಕಣಮ್ಮ. ಎಳೆದೂ ನೋಡ್ದೆ.”

ಸರಿ ಮಾವ ಎನ್ನುತ್ತೇನೆ. ಇನ್ನೊಂದು ಸಲ ನೋಡಲೇ ಎಂದು ಕೇಳುತ್ತಾರೆ. ಬೇಡ ಮಾವ, ನೀವು ಹಾಕಿರುತ್ತೀರ ಎನ್ನುತ್ತೇನೆ. ಅತ್ತ ಕಡೆ ಮತ್ತೆ ಬೀಗ ಎಳೆದ ಸದ್ದು ಕೇಳಿಸುತ್ತದೆ.